ಸರ್ವರ್ ಡೌನ್ ಎಂದರೆ ಯಾರು ಡೌನ್?

‘ಸರ್ವರ್ ಡೌನ್ ಇದೆ, ನಾಳೆ ಬನ್ನಿ.’ ರೇಷನ್ ಅಂಗಡಿಯಿಂದ ಬ್ಯಾಂಕಿನ ಕೌಂಟರಿನವರೆಗೆ ಈ ಮಾತು ಕೇಳದವರು ಕಡಿಮೆ. ‘ಯಾವ ಸರ್ವರ್? ಡೌನ್ ಆಗಿದೆಯೆಂದು ಹೇಗೆ ಗೊತ್ತಾಯಿತು?’ ಎಂದು ತಿರುಗಿ ಕೇಳಿದರೆ ಜಗಳವಾಗುತ್ತದೆ. ಆದರೆ ಈ ಪ್ರಶ್ನೆ ಕೇಳಲೇಬೇಕಾದ ಜಾಗವೊಂದಿದೆ: ಕಂಪನಿಗಳ ನೆಟ್‌ವರ್ಕ್ ನೋಡಿಕೊಳ್ಳುವವರ ಕೋಣೆ. ನಮ್ಮ ಪುಟ್ಟೇನಹಳ್ಳಿ, ಯಲಹಂಕದಿಂದ ಹೆಬ್ಬಾಳ, ನಾಗವಾರದ ಕಡೆಯ ಟೆಕ್ ಪಾರ್ಕುಗಳಿಗೆ ನೈಟ್ ಶಿಫ್ಟಿಗೆ ಹೊರಡುವವರಲ್ಲಿ ಈ ಕೆಲಸದವರೂ ಇದ್ದಾರೆ.

ಅಲ್ಲಿ ನೂರಾರು ಯಂತ್ರಗಳ ಮೇಲೆ ಕಣ್ಣಿಟ್ಟ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಇದ್ದಕ್ಕಿದ್ದಂತೆ ನೇಮ್ ಸರ್ವರಿನ ಪಕ್ಕ ಕೆಂಪು ತೋರಿಸುತ್ತದೆ. ಡೌನ್! ಅದೇ ಹೊತ್ತಿಗೆ ಪಕ್ಕದ ಸೀಟಿನವರು ಅದೇ ನೇಮ್ ಸರ್ವರಿನ ಕೃಪೆಯಿಂದ ಕ್ರಿಕೆಟ್ ಸ್ಕೋರ್ ನೋಡುತ್ತಿರುತ್ತಾರೆ.

ಹೆಸರು ಕೊಟ್ಟರೆ ನಂಬರ್ ಹೇಳುವುದು ನೇಮ್ ಸರ್ವರಿನ ಕೆಲಸ. ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದ ಈ ವ್ಯವಸ್ಥೆ ಇವತ್ತಿಗೂ 53ನೇ ಪೋರ್ಟಿನಲ್ಲಿ ಉತ್ತರ ಕೊಡುತ್ತಿದೆ. ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಸಾಮಾನ್ಯವಾಗಿ ಯೋಗಕ್ಷೇಮ ವಿಚಾರಿಸುವುದು 161ನೇ ಪೋರ್ಟಿನಲ್ಲಿ, ಎಸ್‌ಎನ್‌ಎಂಪಿ ಎಂಬ ಬೇರೆಯೇ ಪದ್ಧತಿಯಲ್ಲಿ. ಒಂದು ಸರಾಗ, ಇನ್ನೊಂದು ಬಂದ್ ಆಗಿರಬಹುದು. ಎಸ್‌ಎನ್‌ಎಂಪಿಯ ಹಳೆಯ ಆವೃತ್ತಿಗಳಲ್ಲಂತೂ ಪಾಸ್‌ವರ್ಡ್ ತಪ್ಪಿದರೆ ‘ತಪ್ಪು’ ಎಂಬ ಉತ್ತರವೂ ಬರುವುದಿಲ್ಲ, ಆ ಕಡೆಯದು ಸುಮ್ಮನಿದ್ದುಬಿಡುತ್ತದೆ. ಪಾಸ್‌ವರ್ಡ್ ಬದಲಾಗಿದ್ದರೂ, ನಡುವೆ ಫೈರ್‌ವಾಲ್ ತಡೆದಿದ್ದರೂ, ಯಂತ್ರವೇ ಸತ್ತಿದ್ದರೂ ಪರದೆಯ ಮೇಲೆ ಕಾಣುವುದು ಅದೇ ಕೆಂಪು. ನನ್ನ ತಕರಾರು ಇಲ್ಲೇ. ‘ನನಗೆ ಉತ್ತರ ಬರಲಿಲ್ಲ’ ಎಂಬುದಷ್ಟೇ ಗೊತ್ತಿರುವ ಸಾಫ್ಟ್‌ವೇರ್ ‘ಸರ್ವರ್ ಡೌನ್’ ಎಂದು ಬರೆಯುವುದು ನೋಡದ್ದಕ್ಕೆ ಸಾಕ್ಷಿ ಹೇಳಿದಂತೆ.

ನೇಮ್ ಸರ್ವರ್ ಈ ವಿಷಯದಲ್ಲಿ ವಾಸಿ. ‘ಆ ಹೆಸರೇ ಇಲ್ಲ’, ‘ನಿನಗೆ ಹೇಳುವುದಿಲ್ಲ’, ‘ವಿಚಾರಿಸಿದೆ, ಉತ್ತರ ಸಿಗಲಿಲ್ಲ’ ಎಂದು ಬಿಡಿಸಿ ಹೇಳುತ್ತದೆ. ಮೊದಲನೆಯದು ಬಂದರೆ ನಾವು ಕೇಳಿದ್ದನ್ನೇ ಒಮ್ಮೆ ನೋಡಿಕೊಳ್ಳಬೇಕು. ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಎರಡಿವೆ. ನಮ್ಮದು ಯಲಹಂಕದ್ದು, ಇನ್ನೊಂದು ಜೆ.ಪಿ. ನಗರದ ಕಡೆಯದು. ಸಾಲದೆಂಬಂತೆ ಎರಡಕ್ಕೂ ಕೆರೆ ಇದೆ. ಬರೀ ‘ಪುಟ್ಟೇನಹಳ್ಳಿ ಕೆರೆ ಹತ್ತಿರ’ ಎಂದು ಬರೆದ ಪಾರ್ಸೆಲ್ ನಗರದ ಇನ್ನೊಂದು ತುದಿಗೆ ಹೋಗಿ, ‘ಅಂಥವರು ಇಲ್ಲಿಲ್ಲ’ ಅನ್ನಿಸಿಕೊಂಡು ವಾಪಸಾದರೆ ತಪ್ಪು ಹಾಗೆಂದವರದಲ್ಲ. ಸಾಫ್ಟ್‌ವೇರ್ ಕೂಡ ಯಂತ್ರದ ಗಿಡ್ಡ ಹೆಸರಿಗೆ ತನಗೆ ಗೊತ್ತಿರುವ ಡೊಮೇನಿನ ಬಾಲ ಅಂಟಿಸಿ ಕೇಳುತ್ತದೆ. ಬಾಲ ಬೇರೆಯದಾಗಿದ್ದರೆ ‘ಇಲ್ಲ’ ಎಂಬ ಉತ್ತರ ಅಪ್ಪಟ ನಿಜ. ಎರಡನೆಯದಕ್ಕೆ, ಕೇಳಲು ಅನುಮತಿ ಇರುವವರ ಪಟ್ಟಿ ನೋಡಬೇಕು. ಮೂರನೆಯದರಲ್ಲಿ ತೊಂದರೆ ಎಷ್ಟೋ ಸಲ ಇನ್ನೂ ಮೇಲಿನ ಸರ್ವರಿನಲ್ಲಿರುತ್ತದೆ.

ಗಡಿಯಾರವೂ ಕೈಕೊಡುತ್ತದೆ. ಹೊಸ ಹೆಸರು ಸೇರಿಸಿಕೊಳ್ಳಿ ಎಂದು ಸಾಫ್ಟ್‌ವೇರ್ ಕಳಿಸುವ ಕೋರಿಕೆಗೆ ಗುಟ್ಟಿನ ಕೀಲಿಯ ಸಹಿ ಇದ್ದರೆ, ಎರಡೂ ಯಂತ್ರಗಳ ಸಮಯದಲ್ಲಿ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಅಂತರ ಇರಕೂಡದು. ಇದ್ದರೆ ಕೋರಿಕೆ ತಿರಸ್ಕೃತ. ಇಂಥದ್ದು ಲಾಗ್ ಓದದೆ ತಿಳಿಯುವುದಿಲ್ಲ. ಆದರೆ ನಮ್ಮವರ ಕೈ ಮೊದಲು ಹೋಗುವುದು ರೀಸ್ಟಾರ್ಟಿಗೆ.

2021ರ ಅಕ್ಟೋಬರ್ 4ರ ರಾತ್ರಿ 9 ದಾಟಿದ ಮೇಲೆ ವಾಟ್ಸ್‌ಆಪ್ ನಿಂತಾಗಲೂ ಮನೆಮನೆಯಲ್ಲಿ ರೂಟರ್ ಆಫ್ ಮಾಡಿ ಆನ್ ಮಾಡಿದ್ದೇ ಮಾಡಿದ್ದು. ಅತ್ತ ಫೇಸ್‌ಬುಕ್ಕಿನಲ್ಲಿ ನಿರ್ವಹಣೆ ಕೆಲಸದ ನಡುವೆ ಕೊಟ್ಟ ಒಂದು ಕಮಾಂಡ್, ಡೇಟಾ ಸೆಂಟರುಗಳನ್ನು ಜೋಡಿಸುವ ಸಂಪರ್ಕವನ್ನೆಲ್ಲ ಕಡಿದುಹಾಕಿತ್ತು. ಅಂಥ ಕಮಾಂಡನ್ನು ತಡೆಯಬೇಕಿದ್ದ ತಪಾಸಣೆಯ ಟೂಲಿನಲ್ಲೇ ದೋಷವಿತ್ತು. ನೇಮ್ ಸರ್ವರುಗಳಿಗೆ ಏನೂ ಆಗಿರಲಿಲ್ಲ. ಆದರೆ ಡೇಟಾ ಸೆಂಟರಿನೊಂದಿಗೆ ಮಾತು ನಿಂತರೆ ತೊಂದರೆ ನಿಮ್ಮ ಕಡೆಯೇ ಇದೆಯೆಂದು ತಿಳಿದು, ಹೊರಗಿನವರಿಗೆ ನಿಮ್ಮ ದಾರಿ ಹೇಳುವುದನ್ನು ನಿಲ್ಲಿಸಿ ಎಂದು ಅವಕ್ಕೆ ಕಲಿಸಿಟ್ಟಿದ್ದರು. ಕಲಿಸಿದಂತೆಯೇ ಅವು ನಡೆದುಕೊಂಡವು. ದುರಸ್ತಿಗೆ ಬೇಕಾದ ಒಳಗಿನ ಟೂಲುಗಳಲ್ಲಿ ಎಷ್ಟೋ ಅದೇ ನೇಮ್ ಸರ್ವರುಗಳನ್ನು ನೆಚ್ಚಿಕೊಂಡಿದ್ದರಿಂದ ಎಂಜಿನಿಯರುಗಳು ಖುದ್ದಾಗಿ ಡೇಟಾ ಸೆಂಟರುಗಳಿಗೆ ಹೋಗಬೇಕಾಯಿತು. ಎಲ್ಲ ಸರಿಹೋಗುವಷ್ಟರಲ್ಲಿ ಸುಮಾರು 6 ಗಂಟೆ ಕಳೆದಿತ್ತು.

ಆದ್ದರಿಂದ ನೇಮ್ ಸರ್ವರನ್ನು ಕಾಯುವ ಸಾಫ್ಟ್‌ವೇರಿಗೆ ಅದರ ನಂಬರನ್ನೇ ಕೊಟ್ಟಿಡುವುದು ಲೇಸು. ಹೆಸರು ಕೊಟ್ಟರೆ, ಆ ಹೆಸರಿಗೆ ನಂಬರ್ ಹೇಳಬೇಕಾದ್ದೂ ಅದೇ ಸರ್ವರ್ ತಾನೆ? ಕೆಂಪು ಕಂಡಾಗ 161 ಬಿಟ್ಟು 53ನೇ ಪೋರ್ಟಿನಲ್ಲಿ ಒಂದು ಹೆಸರು ಕೇಳಿ ನೋಡಲಿ, ಸಾಫ್ಟ್‌ವೇರ್ ಕೂತ ಯಂತ್ರದಿಂದ ಒಮ್ಮೆ, ಬೇರೆ ದಾರಿಯಿಂದ ಒಮ್ಮೆ. ಒಂದು ಕಡೆಯಿಂದ ಉತ್ತರ ಬಂದು ಇನ್ನೊಂದು ಕಡೆಯಿಂದ ಬರದಿದ್ದರೆ ಸರ್ವರನ್ನು ಮುಟ್ಟುವ ಕೆಲಸವಿಲ್ಲ. ಫೈರ್‌ವಾಲ್ ನೋಡಿಕೊಳ್ಳುವ ಪುಣ್ಯಾತ್ಮರನ್ನು ನಿದ್ದೆಯಿಂದ ಎಬ್ಬಿಸಬೇಕು.