ಜಠರದ ಶಸ್ತ್ರಚಿಕಿತ್ಸೆಯು ಹೇಡಿತನವೋ?

ಹಲವು ವರುಷ ಪಥ್ಯವಿದ್ದರೂ ಸ್ಥೂಲಕಾಯವನ್ನು ಇಳಿಸಲಾರದವರು ಕಡೆಗೆ ಶಸ್ತ್ರವೈದ್ಯನ ಬಳಿಗೆ ಹೋಗಲು ಯೋಚಿಸಿದರೆ, "ಬಾಯಿ ಕಟ್ಟಲಾರದೆ ಹೊಟ್ಟೆ ಕೊಯ್ಯಿಸಿಕೊಳ್ಳುತ್ತಾರೆ" ಎಂದು ನೆರೆಯವರು ನಗುವದುಂಟು. ಪ್ರಿಯ ವಾಚಕರೇ, ಈ ನಗೆಯು ನ್ಯಾಯವೋ? ಪಥ್ಯದಲ್ಲಿ ಸೋತವರೊಬ್ಬರಿಗೆ "ಮನಸ್ಸು ಗಟ್ಟಿಮಾಡಿರಿ" ಎಂದು ನಾವೇ ಒಮ್ಮೆ ಬುದ್ಧಿ ಹೇಳಿದೆವು. ಈಗ ಅದಕ್ಕಾಗಿ ನಾಚುತ್ತೇವೆ.

ಯಾಕಂದರೆ ಪಥ್ಯದಿಂದ ತೂಕವು ಇಳಿದಾಗ ಶರೀರವು ಅದನ್ನು ಬರಗಾಲವೆಂದೆಣಿಸಿದಂತೆ ತನ್ನ ವೆಚ್ಚವನ್ನು ತಗ್ಗಿಸಿ ಹಸಿವೆಯನ್ನು ಹೆಚ್ಚಿಸುವದು. 1999ರಲ್ಲಿ ಜಪಾನಿನ ಪಂಡಿತರು ಕಂಡುಹಿಡಿದ, ಜಠರದಲ್ಲಿ ಹುಟ್ಟಿ ಹಸಿವೆಯನ್ನೆಬ್ಬಿಸುವ ಘ್ರೆಲಿನ್ ಎಂಬ ಹಾರ್ಮೋನು ಪಥ್ಯದಿಂದ ಇಳಿದವರಲ್ಲಿ ಏರುವದು. ಆದಕಾರಣ ಅವರ ಸೋಲೆಲ್ಲಾ ಹೊಟ್ಟೆಬಾಕತನವಲ್ಲ.

ಹಾಗಾದರೆ ಶಸ್ತ್ರವು ಸುಲಭಮಾರ್ಗವೋ? ಅಲ್ಲ. ಈಗ ಬಹಳವಾಗಿ ನಡೆಯುವ ಒಂದು ಕ್ರಮದಲ್ಲಿ ಜಠರದ ಸುಮಾರು ಮುಕ್ಕಾಲು ಪಾಲನ್ನು ತೆಗೆದುಬಿಡುತ್ತಾರೆ. ಅದನ್ನು ತಿರುಗಿ ಸೇರಿಸಲಾಗದು. ಆ ಮೇಲೆ ಸ್ವಲ್ಪಸ್ವಲ್ಪವಾಗಿ ಉಣ್ಣಬೇಕು, ಬದುಕಿರುವ ತನಕ ಜೀವಸತ್ವಗಳನ್ನು ಸೇವಿಸಬೇಕು; ರಕ್ತಸ್ರಾವದ ಅಪಾಯವುಂಟು, ಕೆಲವರಿಗೆ ತೂಕವು ಮರಳುವದೂ ಉಂಟು. ಆದರೂ 1987ರಲ್ಲಿ ಸ್ವೀಡನ್ ದೇಶದಲ್ಲಿ ಆರಂಭವಾದ ದೀರ್ಘ ಪರಿಶೋಧನೆಯಲ್ಲಿ, ಶಸ್ತ್ರಚಿಕಿತ್ಸೆ ಹೊಂದಿದವರೊಳಗೆ ಮರಣವು ಕಡಿಮೆಯೆಂದು 2007ರಲ್ಲಿ ಪ್ರಕಟವಾಯಿತು.

ಕಾಲು ಸೋತವನು ಕೋಲು ಹಿಡಿದರೆ ಅವನನ್ನು ಸೋಮಾರಿಯೆನ್ನುವರೇ? ಕೋಲು ನಡೆಯದು, ನಡೆಯುವವನು ಅವನೇ. ಆದರೆ ಪರರ ನಗೆಗೆ ಅಂಜಿ ಶರೀರವನ್ನು ಕೊಯ್ಯಿಸಿಕೊಳ್ಳುವದು ತಕ್ಕದ್ದಲ್ಲ; ರೋಗವನ್ನೂ ಅಪಾಯವನ್ನೂ ತೂಗಿ, ವೈದ್ಯರನ್ನು ಕೇಳಿ, ಅವರವರೇ ನಿಶ್ಚಯಿಸಬೇಕು. ಏನು ನಿಶ್ಚಯಿಸಿದರೂ, ನಗದೆ ಅವರ ಸಂಗಡ ನಿಲ್ಲುವದು ನಮ್ಮ ಕರ್ತವ್ಯವಾಗಿದೆ.