ಆಯಸ್ಸು ಗಟ್ಟಿಯಿತ್ತು ಎಂಬ ಮಾತು

ಕ್ಯಾಲಿಫೋರ್ನಿಯಾದ ಸಿಕೋಯಾ ರಾಷ್ಟ್ರೀಯ ಉದ್ಯಾನದಲ್ಲಿ ಮೋರೋ ರಾಕ್ ಎಂಬ ಬೋಳು ಹೆಬ್ಬಂಡೆಯಿದೆ. 1975ರ ಆಗಸ್ಟ್‌ನಲ್ಲಿ ಅದರ ನೆತ್ತಿಯ ಮೇಲೆ ತೆಗೆದ ಫೋಟೋವೊಂದು ಸಿಡಿಲಿನ ಮಾತು ಬಂದಲ್ಲೆಲ್ಲ ಇವತ್ತಿಗೂ ಕಾಣಿಸಿಕೊಳ್ಳುತ್ತದೆ. ಅಣ್ಣ ತಮ್ಮ ಇಬ್ಬರೂ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಇಬ್ಬರ ಕೂದಲೂ ಯಾರೋ ಮೇಲಿನಿಂದ ಹಿಡಿದು ಎತ್ತಿದಂತೆ ಎಳೆ ಎಳೆಯಾಗಿ ನಿಮಿರಿ ನಿಂತಿದೆ. ನಗು ಬಂದಿರುವುದೇ ಆ ಕೂದಲಿನಿಂದ. ತಲೆಯ ಮೇಲಿನ ಮೋಡಕ್ಕೂ ಕಾಲಡಿಯ ಬಂಡೆಗೂ ನಡುವೆ ಸೇತುವೆ ಕಟ್ಟಲು ವಿದ್ಯುತ್ತು ಹವಣಿಸುತ್ತಿದೆ, ಆ ಸೇತುವೆಯ ಒಂದು ಕಂಬ ತಾವೇ ಆಗಬಹುದು ಎಂಬುದು ಅವರಿಗೆ ತಿಳಿದಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಸಿಡಿಲು ಬಡಿಯಿತು. ಪ್ರಜ್ಞೆ ತಪ್ಪಿ ಬಿದ್ದ ತಮ್ಮ ಬದುಕಿಕೊಂಡ. ಹತ್ತಿರದಲ್ಲಿದ್ದ ಇನ್ನೊಬ್ಬರು ಸತ್ತರು. ಕೂದಲೆಳೆಯಲ್ಲಿ ಪಾರಾಗುವುದು ಎಂಬ ನಮ್ಮ ಮಾತಿಗೆ ಇಷ್ಟು ಅಕ್ಷರಶಃ ಚಿತ್ರ ಬೇರೆ ಸಿಗಲಾರದು. ಹೀಗೆ ಪಾರಾದವರನ್ನು ಕಂಡರೆ ನಾವು ಹೇಳುವ ಮಾತುಗಳೂ ಸಿದ್ಧವಾಗಿರುತ್ತವೆ: ಆಯಸ್ಸು ಗಟ್ಟಿಯಿತ್ತು, ಹಿರಿಯರ ಪುಣ್ಯ, ಭೂಮಿಯ ಋಣ ತೀರಿರಲಿಲ್ಲ. ಪ್ರೀತಿಯಿಂದ ಆಡುವ ಮಾತುಗಳೇ. ಆದರೆ ಅವುಗಳ ಇನ್ನರ್ಧ ಯಾವಾಗಲೂ ಬಾಯೊಳಗೇ ಉಳಿಯುತ್ತದೆ. ಒಬ್ಬನನ್ನು ಪುಣ್ಯ ಕಾಯಿತು ಎಂದರೆ ಪಕ್ಕದಲ್ಲಿ ಸತ್ತವನ ಪುಣ್ಯ ಸಾಲಲಿಲ್ಲ ಎಂದೂ ಹೇಳಿದಂತಾಯಿತು. ಉಳಿದದ್ದಕ್ಕೆ ಕೃತಜ್ಞತೆ ಇರಲಿ, ಅದನ್ನು ಆಯ್ಕೆಯೆಂದು ಓದುವುದು ತಪ್ಪು ಎಂಬುದು ನನ್ನ ವಾದ.

ಮೊದಲು ಸಿಡಿಲು ಏನು ಮಾಡುತ್ತದೆ ನೋಡೋಣ. ಕನ್ನಡಕ್ಕೆ ಇಲ್ಲೊಂದು ಅನುಕೂಲವಿದೆ: ಬೆಳಕಿಗೆ ಮಿಂಚು, ಸದ್ದಿಗೆ ಗುಡುಗು, ಬಡಿತಕ್ಕೆ ಸಿಡಿಲು ಎಂದು ನಾವು ಮೂರನ್ನೂ ಬೇರೆ ಬೇರೆಯಾಗಿ ಕರೆಯುತ್ತೇವೆ. ಬಡಿಯುವ ಸಿಡಿಲು ಒಂದೇ ನೆಗೆತಕ್ಕೆ ಇಳಿಯುವುದಿಲ್ಲ. ಮೋಡದಿಂದ ಹೊರಟ ವಿದ್ಯುತ್ತಿನ ಎಳೆ ಸುಮಾರು ಐವತ್ತು ಮೀಟರಿಗೊಂದು ಹೆಜ್ಜೆಯಿಟ್ಟು, ಕ್ಷಣದ ಒಂದು ಚೂರು ತಡೆದು, ಮತ್ತೆ ಕವಲೊಡೆಯುತ್ತ ಕುರುಡನಂತೆ ತಡವರಿಸಿಕೊಂಡು ಬರುತ್ತದೆ. ನೆಲ ಹತ್ತಿರವಾದಾಗ ಕೆಳಗಿನಿಂದಲೂ ಎಳೆಗಳು ಏಳುತ್ತವೆ: ಮರದ ತುದಿಯಿಂದ, ಕಂಬದಿಂದ, ನಿಂತ ಮನುಷ್ಯನ ತಲೆಯಿಂದ. ಯಾವುದು ಮೊದಲು ಮೇಲಿನದನ್ನು ಮುಟ್ಟುತ್ತದೋ ಆ ದಾರಿಯಲ್ಲಿ ಮಿಂಚು ಹರಿಯುತ್ತದೆ. ದಾರಿಯ ಗಾಳಿ ಸೂರ್ಯನ ಮೇಲ್ಮೈಗಿಂತ ಸುಮಾರು ಐದು ಪಟ್ಟು ಕಾಯುತ್ತದೆ. ಅಂದರೆ ಯಾರಿಗೆ ಬಡಿಯಬೇಕು ಎಂಬುದು ಮೋಡದಲ್ಲಿ ತೀರ್ಮಾನವಾಗಿರುವುದೇ ಇಲ್ಲ. ಕೊನೆಯ ಹತ್ತಾರು ಮೀಟರುಗಳಲ್ಲಿ, ಎತ್ತರ, ಮೊನಚು, ನಿಂತ ಜಾಗ ಇವು ಅದನ್ನು ತೀರ್ಮಾನಿಸುತ್ತವೆ. ಅಷ್ಟಕ್ಕೂ ನೇರ ಬಡಿತಕ್ಕೆ ಸಿಕ್ಕುವವರು ಕಡಿಮೆ; ಬಡಿದ ಮೇಲೆ ನೆಲದಲ್ಲಿ ಹರಡುವ ವಿದ್ಯುತ್ತಿಗೆ ಸಿಕ್ಕುವವರೇ ಹೆಚ್ಚು. ಒಂದು ಕಾಲಿನಿಂದ ಏರಿ ಇನ್ನೊಂದರಿಂದ ಇಳಿಯುವ ಆ ಪ್ರವಾಹಕ್ಕೆ ಎರಡು ಪಾದಗಳ ನಡುವಿನ ಅಂತರವೇ ಲೆಕ್ಕ. ದನಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ನಡುವೆ ಗುಂಡಿಗೆ. ಅದಕ್ಕೇ ಒಂದೇ ಮರದ ಕೆಳಗೆ ದನ ಸತ್ತು ಕಾಯುವವನು ಉಳಿಯುವುದುಂಟು.

ನಾರ್ವೆಯ ಹಾರ್ಡಂಗರ್‌ವಿದ್ದ ಪ್ರಸ್ಥಭೂಮಿಯಲ್ಲಿ 2016ರ ಆಗಸ್ಟ್‌ನಲ್ಲಿ 323 ಕಾಡು ಹಿಮಸಾರಂಗಗಳು ಒಂದೇ ಗುಡುಗುಮಳೆಯಲ್ಲಿ ಹೀಗೆ ಸತ್ತವು. ಗುಡುಗಿಗೆ ಹೆದರಿ ಒತ್ತೊತ್ತಾಗಿ ನಿಂತದ್ದೇ ಅವಕ್ಕೆ ಮುಳುವಾಯಿತು. ಮೂರು ವರ್ಷದ ಮೇಲೆ, 2019ರ ಆಗಸ್ಟ್ 22ರಂದು, ಪೋಲೆಂಡಿನ ತಾತ್ರಾ ಪರ್ವತಗಳಲ್ಲಿ ಗೇವೊಂತ್ ಶಿಖರಕ್ಕೆ ಸಿಡಿಲು ಬಡಿಯಿತು. ಸುಮಾರು 1,894 ಮೀಟರ್ ಎತ್ತರದ ಆ ತುದಿಯಲ್ಲಿ ಹದಿನೈದು ಮೀಟರಿನ ಉಕ್ಕಿನ ಶಿಲುಬೆಯಿದೆ. ಕ್ರಿಸ್ತ ಹುಟ್ಟಿ 1900 ವರ್ಷವಾದ ನೆನಪಿಗೆ ತಪ್ಪಲಿನ ಜಾಕೊಪಾನೆಯ ಭಕ್ತರು 1901ರಲ್ಲಿ ನಿಲ್ಲಿಸಿದ್ದು. ಕಡಿದಾದ ಕೊನೆಯ ಏರಿನಲ್ಲಿ ಹಿಡಿದು ಹತ್ತಲು ಬಂಡೆಗೆ ಸರಪಳಿ ಬಿಗಿದಿದ್ದಾರೆ. ಬೀಳದಿರಲೆಂದು ಹಾಕಿದ ಆ ಸರಪಳಿಯೇ ಅಂದು ವಿದ್ಯುತ್ತನ್ನು ಹಿಡಿದವರ ಕೈಗೆ ಮುಟ್ಟಿಸಿತು. ನಾಲ್ವರು ಸತ್ತರು, ಅವರಲ್ಲಿ ಇಬ್ಬರು ಮಕ್ಕಳು; ಗಾಯಗೊಂಡವರು 150ಕ್ಕೂ ಹೆಚ್ಚು. ರೋಮಿನ ಕವಿ ಲುಕ್ರೀಷಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಕೇಳಿದ್ದ: ಸಿಡಿಲು ದೇವರ ಅಸ್ತ್ರವಾದರೆ ಅದು ದೇವರ ಗುಡಿಗಳನ್ನೇ ಯಾಕೆ ಒಡೆಯುತ್ತದೆ, ನರಪಿಳ್ಳೆಯಿಲ್ಲದ ಬೆಟ್ಟದ ತುದಿಗಳಿಗೆ ಯಾಕೆ ಬಡಿಯುತ್ತದೆ? ಗೇವೊಂತ್‌ನಲ್ಲಿ ಬಿದ್ದ ಮಕ್ಕಳ ಮುಂದೆ ಅವನ ಪ್ರಶ್ನೆಯಲ್ಲಿರುವ ಕುಹಕ ಸಲ್ಲದು. ಪ್ರಶ್ನೆ ಮಾತ್ರ ಅಲ್ಲೇ ನಿಂತಿರುತ್ತದೆ.

ಹಾಗಾದರೆ ಉಳಿದವರ ಅನುಭವ ಸುಳ್ಳೇ? ಸಾವನ್ನು ಅಷ್ಟು ಹತ್ತಿರದಿಂದ ಕಂಡವರು ಯಾವುದೋ ಕೈ ತಮ್ಮನ್ನು ಹಿಡಿಯಿತು ಎನ್ನುತ್ತಾರಲ್ಲ? ಅನುಭವ ನಿಜ. ಸಾಕ್ಷಿಯಾಗಿ ನೋಡಿದರೆ ಅದರಲ್ಲೊಂದು ಕೊರತೆಯಿದೆ. ರೋಮಿನ ಲೇಖಕ ಸಿಸೆರೊ ಒಂದು ಪ್ರಸಂಗ ಹೇಳುತ್ತಾನೆ. ನಾಸ್ತಿಕನೆಂದು ಹೆಸರಾದ ಡಯಾಗೊರಸ್‌ಗೆ ಸಮೊತ್ರಾಕಿ ದ್ವೀಪದಲ್ಲಿ ಗೆಳೆಯನೊಬ್ಬ ಹರಕೆಯ ಚಿತ್ರಫಲಕಗಳನ್ನು ತೋರಿಸಿದ. ದೇವರಿಗೆ ಮೊರೆಯಿಟ್ಟು ಕಡಲಿನ ಬಿರುಗಾಳಿಯಿಂದ ಪಾರಾದವರು ಅರ್ಪಿಸಿದವು. ಮುಳುಗಿದವರ ಚಿತ್ರಗಳು ಮಾತ್ರ ಎಲ್ಲೂ ಇಲ್ಲವಲ್ಲ ಎಂದನಂತೆ ಡಯಾಗೊರಸ್. ಬೆಟ್ಟದ ಸಿಡಿಲಿನದೂ ಇದೇ ಲೆಕ್ಕ. ಸಿಡಿಲಿಗೆ ಸಿಕ್ಕವರಲ್ಲಿ ಹೆಚ್ಚಿನವರು ಬದುಕುತ್ತಾರೆ, ಕಥೆ ಹೇಳುವವರೆಲ್ಲ ಅವರೇ. ಸತ್ತವರೂ ಪ್ರಾರ್ಥಿಸಿದ್ದರೋ ಇಲ್ಲವೋ ಕೇಳುವಂತಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ದೇವರು ನಿಯಮ ಮುರಿದು ಕೆಲಸ ಮಾಡಬೇಕಿಲ್ಲ, ನಿಯಮಗಳ ಮೂಲಕವೇ ಮಾಡಬಹುದು. ಹದಿಮೂರನೇ ಶತಮಾನದಲ್ಲಿ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸ್ ಹೇಳಿದ್ದು ಇದನ್ನೇ. ನಮ್ಮ ಕರ್ಮಸಿದ್ಧಾಂತಕ್ಕೂ ವಿದ್ಯುತ್ತಿನ ಲೆಕ್ಕದಿಂದ ತೊಂದರೆಯೇನಿಲ್ಲ: ಆ ಹೊತ್ತಿಗೆ ಆ ಜಾಗದಲ್ಲಿ ನಿಲ್ಲಿಸಿದ್ದೇ ಪ್ರಾರಬ್ಧ ಎಂದರಾಯಿತು. ಹಿಮಸಾರಂಗಗಳಿಗೂ ಹಿಂದಿನ ಜನ್ಮವುಂಟು. ಇದನ್ನು ಭೌತಶಾಸ್ತ್ರದಿಂದ ಅಲ್ಲಗಳೆಯಲಾಗದು, ಒಪ್ಪಿಕೊಳ್ಳುತ್ತೇನೆ. ಆದರೆ ಈ ಉತ್ತರ ಗೆಲ್ಲುವುದು ತನ್ನ ಮಾತನ್ನೇ ಬಿಟ್ಟುಕೊಟ್ಟು. ಯಾವ ಘಟನೆಗೂ ಹೊಂದಿಕೊಳ್ಳುವ ಕಾರಣವೊಂದು ಯಾವ ಘಟನೆಯ ಬಗ್ಗೆಯೂ ಏನನ್ನೂ ತಿಳಿಸುವುದಿಲ್ಲ. ಗೀತೆಯ ನಾಲ್ಕನೇ ಅಧ್ಯಾಯದಲ್ಲಿ ಕೃಷ್ಣನೇ ಕರ್ಮದ ಗತಿಯನ್ನು ಗಹನವೆಂದು ಕರೆಯುತ್ತಾನೆ. ಅದು ಗಹನವೆಂದು ನಿಜವಾಗಿ ನಂಬುವವನು ಸಿಡಿಲು ಬಡಿದ ಮನೆಯ ಜಗಲಿಯಲ್ಲಿ ಕೂತು ಏನು ಪಾಪ ಮಾಡಿದ್ದರೋ ಎನ್ನಲಾರ. ಭಾರತದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಾರೆ. ಬಹುಪಾಲು ಹಳ್ಳಿಯವರು: ಗದ್ದೆಯಲ್ಲಿ ಬಗ್ಗಿದವರು, ದನ ಕಾಯುತ್ತಿದ್ದವರು. ಪುಣ್ಯದ ಲೆಕ್ಕವನ್ನು ಇವರ ಮೇಲೆ ಹೂಡಿದರೆ ಬಯಲಲ್ಲಿ ದುಡಿಯುವವರಿಗಿಂತ ತಾರಸಿ ಮನೆಯವರು ಪುಣ್ಯವಂತರು ಎಂದಾಗುತ್ತದೆ.

ಎಲ್ಲ ಆಕಸ್ಮಿಕವಾದರೆ ಎಚ್ಚರಿಕೆ ಯಾಕೆ ಎಂದು ಕೇಳುವವರೂ ಇದ್ದಾರೆ. ಸಿಡಿಲು ಯಾವ ಬಂಡೆಗೆ ಎಂಬುದು ನಮ್ಮ ಕೈಯಲ್ಲಿಲ್ಲ. ಮೋಡ ಕಪ್ಪಾದಾಗ ಏಣಿನ ಮೇಲೆ ಇರಬೇಕೋ ಬೇಡವೋ ಎಂಬುದು ಹೆಚ್ಚಿನ ಸಲ ನಮ್ಮ ಕೈಯಲ್ಲೇ ಇದೆ. ಸದ್ದು ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಬರುತ್ತದೆ. ಮಿಂಚಿ ಮೂವತ್ತು ಸೆಕೆಂಡಿನೊಳಗೆ ಗುಡುಗಿದರೆ ಅಪಾಯ ಹತ್ತು ಕಿಲೋಮೀಟರಿನೊಳಗಿದೆ. ನಮ್ಮ ಹಳ್ಳಿಗಳಲ್ಲಿ ಮಿಂಚಿದರೆ ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಎಂದು ಹತ್ತು ಹೆಸರು ಹೇಳುವ ರೂಢಿಯಿದೆ. ವಜ್ರ ಎಸೆಯುವ ಇಂದ್ರನಿಗೆ ಕೆಳಗಿರುವವರು ನಿನ್ನ ಮಗನ ಕಡೆಯವರಪ್ಪಾ ಎಂದು ನೆನಪಿಸುವ ಉಪಾಯ. ಸಾವಧಾನವಾಗಿ ಹೇಳಿದರೆ ಹತ್ತು ಹೆಸರಿಗೆ ಎಂಟು ಹತ್ತು ಸೆಕೆಂಡು ಬೇಕು. ಮೂರು ಸುತ್ತು ಮುಗಿಯುವುದರೊಳಗೆ ಗುಡುಗು ಕೇಳಿದರೆ ಬೆಟ್ಟ ಇಳಿಯುವುದು ಲೇಸು. ಇಂದ್ರನಿಗೂ ಇದರಲ್ಲಿ ಬೇಸರವಿರಲಿಕ್ಕಿಲ್ಲ.

ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಕಷ್ಟದ್ದು. ಸಿಡಿಲನ್ನು ಕರೆಯೆಂದು ಓದಿದವರ ಬದುಕು ಬದಲಾಗಿದೆಯಲ್ಲ? 1505ರ ಜುಲೈ 2ರಂದು ಜರ್ಮನಿಯ ಸ್ಟೊಟರ್ನ್‌ಹೈಮ್ ಬಳಿ ಹತ್ತಿರದಲ್ಲೇ ಸಿಡಿಲು ಬಿದ್ದಾಗ ಕಾನೂನು ಓದುತ್ತಿದ್ದ ಮಾರ್ಟಿನ್ ಲೂಥರ್ ಸಂತ ಆನಳನ್ನು ಕೂಗಿ ಸನ್ಯಾಸಿಯಾಗುತ್ತೇನೆ ಎಂದು ಹರಕೆ ಹೊತ್ತ. ಎರಡು ವಾರದಲ್ಲಿ ಮಠ ಸೇರಿದ. ಅಪ್ಪ ಹಾನ್ಸ್‌ಗೆ ಕೋಪ. ಅದು ದೇವರ ಕರೆಯಲ್ಲ, ಭ್ರಮೆಯಾಗಿದ್ದರೆ ಎಂದು ಮುಖಕ್ಕೇ ಕೇಳಿದ. 1521ರಲ್ಲಿ ಅದೇ ಲೂಥರ್ ಸನ್ಯಾಸದ ಹರಕೆಗಳನ್ನು ಖಂಡಿಸಿ ಪುಸ್ತಕ ಬರೆದು ಅಪ್ಪನಿಗೇ ಅರ್ಪಿಸಿದ. ಸಿಡಿಲು ಒಂದೇ, ಓದುವವನೂ ಒಬ್ಬನೇ. ಹದಿನಾರು ವರ್ಷದಲ್ಲಿ ಓದು ತಿರುಗಿತು. ಬೃಹದಾರಣ್ಯಕದ ಕಥೆಯಲ್ಲೂ ಪ್ರಜಾಪತಿ ಹೇಳಿದ ಒಂದೇ ‘ದ’ಕಾರದಲ್ಲಿ ದೇವತೆಗಳು ದಮವನ್ನೂ, ಮನುಷ್ಯರು ದಾನವನ್ನೂ, ಅಸುರರು ದಯೆಯನ್ನೂ ಕೇಳಿಸಿಕೊಳ್ಳುತ್ತಾರೆ, ಗುಡುಗು ಇವತ್ತಿಗೂ ಅದನ್ನೇ ಆಡುತ್ತದೆ ಎನ್ನುತ್ತದೆ ಉಪನಿಷತ್ತು. ಮೂವರೂ ಕೇಳಿಸಿಕೊಂಡದ್ದು ತಮ್ಮ ತಮ್ಮ ಕೊರತೆಯನ್ನು. ಬದುಕಿ ಬಂದವನು ಇನ್ನು ಮೇಲೆ ಬೇರೆ ಥರ ಬಾಳುತ್ತೇನೆ ಎಂದರೆ ಅದು ಅವನ ಸಂಕಲ್ಪ, ಪೂರ್ತಿ ಅವನದೇ. ಅದಕ್ಕೆ ಸತ್ತವನ ಬಗ್ಗೆ ಯಾವ ತೀರ್ಪೂ ಬೇಕಾಗುವುದಿಲ್ಲ. ನಾನು ಆರಿಸಲ್ಪಟ್ಟವನು ಎಂಬ ಮಾತಿಗೆ ಬೇಕಾಗುತ್ತದೆ.

ಇಂಥ ಆಯ್ಕೆಯ ಮಾತಿಲ್ಲದೆ ಭಕ್ತಿ ನಿಲ್ಲುವುದೇ? ಹಿಮಾಚಲದ ಕುಲ್ಲು ಕಣಿವೆಯಲ್ಲಿ, ಬಿಯಾಸ್ ಮತ್ತು ಪಾರ್ವತಿ ನದಿಗಳ ಸಂಗಮದ ಮೇಲಿನ ಬೆಟ್ಟದಲ್ಲಿ, ಬಿಜಲಿ ಮಹಾದೇವನ ಗುಡಿಯಿದೆ. ಎದುರಿಗೆ ಎತ್ತರದ ಮರದ ಧ್ವಜಸ್ತಂಭ. ಸಿಡಿಲು ಇಲ್ಲಿಗೇ ಬಡಿಯುತ್ತದೆ, ಒಳಗಿನ ಲಿಂಗ ಚೂರಾಗುತ್ತದೆ ಎಂಬುದು ಸ್ಥಳದವರ ನಂಬಿಕೆ. ಕಣಿವೆಯ ಜನಕ್ಕೆ ತಗಲಬೇಕಾದದ್ದನ್ನು ಶಿವ ತನ್ನ ಮೈಮೇಲೆ ಎಳೆದುಕೊಳ್ಳುತ್ತಾನೆ ಎನ್ನುತ್ತಾರೆ. ಕೆಳಗೆ ಯಾರಾದರೂ ಸತ್ತರೆ ಅವರು ಯಾಕೆ ಸತ್ತರು ಎಂಬುದಕ್ಕೆ ಈ ಕಥೆಯಲ್ಲಿ ಉತ್ತರವಿಲ್ಲ. ಈ ದೇವರು ಬಡಿಸಿಕೊಂಡವರ ಸಾಲಿನಲ್ಲಿದ್ದಾನೆ. ಸಿಡಿಲಾದ ಮೇಲೆ ಪೂಜಾರಿ ಚೂರುಗಳನ್ನು ಆಯ್ದು ತಂದು, ಬೆಣ್ಣೆ ಮೆತ್ತಿ, ಒಂದಕ್ಕೊಂದು ಕೂಡಿಸಿ ನಿಲ್ಲಿಸುತ್ತಾನೆ.