ಛತ್ರದವನ ಕರುಣೆ

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದ ವೃದ್ಧರೊಬ್ಬರಿಗೆ ಅಭ್ಯಂಗ ಸಂಸ್ಕಾರ ನೀಡಲು ನನಗೆ ಕರೆ ಬಂದಿತ್ತು. ರಾತ್ರಿ ಹನ್ನೊಂದು ದಾಟಿತ್ತು. ಬೆಳಗಿನ ಜಾವಕ್ಕೆ ಪೂಜೆಯಿದ್ದುದರಿಂದ ನನಗೆ ಅವಸರ. ರೋಗಿಯ ಬಾಯಲ್ಲಿ ಕೊಳವೆ, ಪಕ್ಕದಲ್ಲಿ ವೆಂಟಿಲೇಟರ್, ಪ್ರಜ್ಞೆ ಇರಲಿಲ್ಲ. ನಾನು ಸ್ಟೋಲಾ ಧರಿಸಿ, ಪವಿತ್ರ ತೈಲದ ಕರಡಿಗೆ ತೆರೆದು, ಪುಸ್ತಕ ಬಿಡಿಸಿ ಪ್ರಾರ್ಥನೆ ಆರಂಭಿಸಿಯೇಬಿಟ್ಟೆ. ಅಲ್ಲಿದ್ದ ದಾದಿ, ಇಪ್ಪತ್ತೈದು ದಾಟಿರದ ಯುವತಿ, ಮೆಲ್ಲನೆ ತಡೆದರು. "ಒಂದು ನಿಮಿಷ ಫಾದರ್, ಮೊದಲು ಅವರಿಗೆ ಹೇಳ್ತೇನೆ" ಎಂದು ಹಾಸಿಗೆಯ ಕಡೆ ಬಾಗಿ, "ಅಜ್ಜಾ, ಫಾದರ್ ಬಂದಿದ್ದಾರೆ. ಹಣೆಗೆ, ಕೈಗೆ ಎಣ್ಣೆ ಹಚ್ತಾರೆ. ಸ್ವಲ್ಪ ತಣ್ಣಗಾಗ್ತದೆ, ಹೆದರಬೇಡಿ" ಎಂದರು.

ನಾನು ಆ ಅಜ್ಜನ ಹೆಸರನ್ನೂ ಕೇಳಿರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ನನ್ನನ್ನು ಕಾಡಿದ್ದು ನಾಚಿಕೆಯೊಂದೇ ಅಲ್ಲ, ಒಂದು ಪ್ರಶ್ನೆಯೂ ಹೌದು. ಕೇಳಿಸಿಕೊಳ್ಳದವರೊಡನೆ ಆಡಿದ ಮಾತು ಯಾರಿಗೆ ಸಲ್ಲುತ್ತದೆ? ಅದು ಕರುಣೆಯೋ, ಬರಿಯ ಅಭ್ಯಾಸಬಲವೋ? ಮೇಲಾಗಿ ಆಕೆ ಅಲ್ಲಿದ್ದುದು ತಮ್ಮ ಪಾಳಿಯ ಕೆಲಸಕ್ಕಾಗಿ, ತಿಂಗಳ ಸಂಬಳಕ್ಕಾಗಿ. ಕೂಲಿ ಪಡೆದು ಮಾಡಿದ ಆರೈಕೆಯನ್ನು ಕರುಣೆಯೆಂದು ಕರೆಯಬಹುದೇ?

ವೈದ್ಯಶಾಸ್ತ್ರದ ಬಳಿ ಇದಕ್ಕೆ ಒಂದು ಉತ್ತರವಿದೆ. ಮಂಪರಿನ ಔಷಧಿಯಲ್ಲಿ ಮಲಗಿದ್ದು ಬದುಕಿ ಬಂದ ಅನೇಕರು ತಾವು ಕೇಳಿದ ದನಿಗಳನ್ನೂ ಪಟ್ಟ ಭೀತಿಯನ್ನೂ ಆಮೇಲೆ ಹೇಳಿಕೊಂಡಿದ್ದಾರೆ. ಕೈಗಳನ್ನು ಕಟ್ಟಿಹಾಕಿದ್ದು, ಗೊತ್ತಿಲ್ಲದ ಯಾರೋ ಮೈಮುಟ್ಟಿದ್ದು ಅವರ ಕನಸುಗಳಲ್ಲಿ ಘೋರ ರೂಪ ತಾಳುತ್ತವೆ. ಆದುದರಿಂದ ಹೇಳಿ ಮುಟ್ಟುವುದು ಒಳ್ಳೆಯದು. ಸರಿಯೇ. ಆದರೆ ಈ ಉತ್ತರ ಅರ್ಧ ದಾರಿಗೆ ನಿಲ್ಲುತ್ತದೆ. ಎಂದೆಂದಿಗೂ ಎಚ್ಚರಗೊಳ್ಳದವರ ವಿಷಯದಲ್ಲಿ ಏನು ಹೇಳೋಣ?

ಸಂತ ಲೂಕನ ಶುಭಸಂದೇಶದ ಸಮಾರಿಯದವನ ಸಾಮತಿ ನಮಗೆಲ್ಲ ಬಾಯಿಪಾಠ. ಅದರ ಕೊನೆಯಲ್ಲಿ ಬರುವ ಛತ್ರದವನ ಬಗ್ಗೆ ಮಾತ್ರ ನಾವು ಪ್ರಬೋಧಿಸುವುದು ಅಪರೂಪ. ನಾನಂತೂ ಇಪ್ಪತ್ತೈದು ವರ್ಷ ಆತನನ್ನು ಗಮನಿಸಿಯೇ ಇರಲಿಲ್ಲ. ದಾರಿಯಲ್ಲಿ ಬಿದ್ದಿದ್ದವನನ್ನು ಕಂಡು ಕನಿಕರಪಟ್ಟವನು ಸಮಾರಿಯದವನು. ಆದರೆ ಮರುದಿನ ಆತ ಎರಡು ಬೆಳ್ಳಿ ನಾಣ್ಯ, ಅಂದರೆ ಎರಡು ದಿನದ ಕೂಲಿ, ಕೊಟ್ಟು ತನ್ನ ದಾರಿ ಹಿಡಿದ. ಅಲ್ಲಿಂದಾಚೆ ಗಾಯಗಳನ್ನು ತೊಳೆದವನು, ನರಳಾಟಕ್ಕೆ ನಡುರಾತ್ರಿ ಎದ್ದವನು, ಮಲಮೂತ್ರ ತೆಗೆದವನು ಛತ್ರದವನಲ್ಲದೆ ಮತ್ತಾರು? ಆತನಿಗೆ ಮರುಕ ಉಕ್ಕಿತೆಂದು ಲೂಕ ಬರೆದಿಲ್ಲ. ಹಣ ಪಡೆದನೆಂದು ಮಾತ್ರ ಬರೆದಿದ್ದಾನೆ. ಆದರೂ ಗಾಯಾಳುವಿನ ಪ್ರಾಣ ಆತನ ಕೈಯಲ್ಲಿತ್ತು.

ಗುರುಮಠದಲ್ಲಿ ನಾವು ಓದಿದ ಸಂತ ತೋಮಾಸ್ ಅಕ್ವಿನಾಸರು ಇಲ್ಲಿ ಒಂದು ಭೇದವನ್ನು ಮಾಡುತ್ತಾರೆ. ಪರರ ನೋವನ್ನು ಕಂಡು ಮನಸ್ಸು ಕಲಕುವುದು ಒಂದು ಭಾವನೆ, ಅದಷ್ಟೇ ಸದ್ಗುಣವಾಗದು. ವಿವೇಕದ ಹಿಡಿತದಲ್ಲಿರುವ ಸಂಕಲ್ಪವಾಗಿ ಕರುಣೆ ನಿಂತಾಗ ಮಾತ್ರ ಅದು ಸದ್ಗುಣ. ಸತತವಾಗಿ ನಾಲ್ಕನೆಯ ರಾತ್ರಿಪಾಳಿಯಲ್ಲಿರುವ ದಾದಿಯ ಎದೆಯಲ್ಲಿ ಮರುಕ ಉಕ್ಕುತ್ತಿರಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದು, ಒಣಗಿದ ತುಟಿಯನ್ನು ಒದ್ದೆಮಾಡುವುದು, ಮುಚ್ಚದ ಕಣ್ಣಿಗೆ ಮುಲಾಮು ಹಾಕುವುದು, ಬಟ್ಟೆ ಬದಲಿಸುವಾಗ ಪರದೆ ಎಳೆಯುವುದು: ಕರುಣೆಯು ಮನಸ್ಸಿನಲ್ಲಿ ಬತ್ತಿದ ದಿನವೂ ಕೈಗಳಲ್ಲಿ ಉಳಿದಿರಬಲ್ಲದು.

ತೀವ್ರ ನಿಗಾ ಘಟಕ ಹುಟ್ಟಿದ್ದೂ ಕೈಗಳಿಂದಲೇ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಭೀಕರವಾಗಿ ಹರಡಿತು. ಉಸಿರಾಟ ನಿಂತ ಮೊದಲ 31 ರೋಗಿಗಳಲ್ಲಿ 27 ಮಂದಿ ತೀರಿಕೊಂಡರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸನ್ ಅವರು ರೋಗಿಯ ಗಂಟಲಲ್ಲಿ ರಂಧ್ರ ಮಾಡಿ, ಕೊಳವೆ ಇಟ್ಟು, ರಬ್ಬರಿನ ಚೀಲವೊಂದನ್ನು ಕೈಯಿಂದ ಹಿಸುಕಿ ಗಾಳಿ ಕೊಡುವ ದಾರಿಯನ್ನು ತೋರಿದರು. ಸಾಕಷ್ಟು ಯಂತ್ರಗಳಿರಲಿಲ್ಲ. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳು ರೋಗಿಗಳ ಪಕ್ಕದಲ್ಲಿ ಕುಳಿತು ಆ ಚೀಲಗಳನ್ನು ಒತ್ತಿದರು. ಸಾವಿನ ಪ್ರಮಾಣ ಅರ್ಧಕ್ಕೂ ಕೆಳಗಿಳಿಯಿತು. ಮರುವರ್ಷ ಇಬ್ಸನ್ ತೆರೆದ ಘಟಕವನ್ನೇ ಇಂಥವುಗಳಲ್ಲಿ ಮೊದಲನೆಯದೆಂದು ಬಹುಮಂದಿ ಗುರುತಿಸುತ್ತಾರೆ. ಯಂತ್ರ ಆಮೇಲೆ ಬಂತು. ಮೊದಲು ಬಂದದ್ದು ಪಕ್ಕದಲ್ಲಿ ಕುಳಿತ ಮನುಷ್ಯ.

ಎಂದಿಗೂ ಎಚ್ಚರಗೊಳ್ಳದವರ ಪ್ರಶ್ನೆಗೆ ಮರಳೋಣ. ಉತ್ತರ ಕನ್ನಡದ ಹಳದೀಪುರದಿಂದ ಹೋಗಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರನ್ನು ಯಾರು ತಾನೇ ಅರಿಯರು? 1973ರ ನವೆಂಬರ್‌ನಲ್ಲಿ ಅಲ್ಲಿಯ ನೌಕರನೊಬ್ಬನ ಕ್ರೂರ ಹಲ್ಲೆಗೆ ತುತ್ತಾಗಿ ಅವರ ಮಿದುಳು ಘಾಸಿಗೊಂಡಿತು. 2015ರ ಮೇ 18ರಂದು ಕಣ್ಣುಮುಚ್ಚುವವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ದಾದಿಯರು ಅವರನ್ನು ನೋಡಿಕೊಂಡರು. ಮೊದಲ ತಲೆಮಾರಿನವರು ನಿವೃತ್ತರಾದರು, ಅರುಣಾ ನಡೆದಾಡಿದ್ದನ್ನು ಕಂಡೇ ಇರದ ಹುಡುಗಿಯರು ಬಂದರು, ಆರೈಕೆ ನಿಲ್ಲಲಿಲ್ಲ. ಅಷ್ಟು ವರ್ಷ ಮಲಗಿದ್ದ ದೇಹದಲ್ಲಿ ಒಂದೇ ಒಂದು ಹಾಸಿಗೆ ಹುಣ್ಣು ಇಲ್ಲದಿರುವುದನ್ನು ಸರ್ವೋಚ್ಚ ನ್ಯಾಯಾಲಯವೇ 2011ರಲ್ಲಿ ಗುರುತಿಸಿತು. ಅವರ ಪರವಾಗಿ ಮಾತನಾಡುವ ಹಕ್ಕು ಆಸ್ಪತ್ರೆಯ ಸಿಬ್ಬಂದಿಯದೆಂದೂ ಹೇಳಿತು. 'ನೆರೆಯವನು ಯಾರು' ಎಂಬ ಪ್ರಶ್ನೆಗೆ ಯೇಸುಸ್ವಾಮಿ ಕೊಟ್ಟ ಉತ್ತರ ನ್ಯಾಯಾಲಯದ ಭಾಷೆಯಲ್ಲಿ ಮತ್ತೆ ಕೇಳಿಸಿದಂತೆ ನನಗೆ ಅನಿಸಿತ್ತು. ಆ ದಾದಿಯರಿಗೆ ಪ್ರತಿಯಾಗಿ ಏನು ದೊರೆಯಿತು? ಕೃತಜ್ಞತೆಯ ಒಂದು ಮಾತೂ ದೊರೆಯುವ ಸಂಭವವಿರಲಿಲ್ಲ. ಕೇಳಿಸಿಕೊಳ್ಳುವವರಿದ್ದಾರೆಂದು ಖಚಿತವಿದ್ದಾಗ ಮಾತ್ರ ಕರುಣೆ ತೋರುವುದಾದರೆ, ನಾವು ರೋಗಿಯ ಘನತೆಯನ್ನು ಅವರ ಅರಿವಿನ ಮಟ್ಟಕ್ಕೆ ಕಟ್ಟಿಹಾಕಿದಂತೆ. ಯಂತ್ರದ ತೆರೆಯ ಮೇಲಿನ ಗೆರೆಗಳು ಅದನ್ನು ಅಳೆಯಲಾರವು.

ಹಾಗೆಂದು ದೇಹವನ್ನು ಹೇಗಾದರೂ ಸರಿ ಎಳೆದಾಡಿಸುವುದೇ ಧರ್ಮವೆಂದು ನಮ್ಮ ಧರ್ಮಸಭೆ ಎಂದೂ ಬೋಧಿಸಿಲ್ಲ. 1957ರ ನವೆಂಬರ್ 24ರಂದು ಜಗದ್ಗುರು ಹನ್ನೆರಡನೆಯ ಪಿಯುಸ್‌ರು ಅರಿವಳಿಕೆ ವೈದ್ಯರಿಗೇ ಉತ್ತರಿಸುತ್ತಾ, ಅಸಾಧಾರಣ ಸಾಧನಗಳನ್ನು ಬಳಸಲೇಬೇಕೆಂಬ ಕಡ್ಡಾಯವಿಲ್ಲವೆಂದು ಸ್ಪಷ್ಟಪಡಿಸಿದ್ದಾರೆ. ವ್ಯರ್ಥವೂ ಹೊರೆಯೂ ಆದ ಯಂತ್ರವನ್ನು ತೆಗೆಯಬಹುದು. ಒದ್ದೆ ಬಟ್ಟೆಯನ್ನು ಹಿಡಿದ ಕೈಯನ್ನು ತೆಗೆಯುವಂತಿಲ್ಲ.

ಇನ್ನು ಬಾಗಿಲ ಹೊರಗಿನವರು. ಊರಿಂದ ಬಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ಚಾಪೆ ಹಾಸಿ, ಫ್ಲಾಸ್ಕು, ಔಷಧಿ ಚೀಟಿ, ಬಿಲ್ಲುಗಳ ಕಟ್ಟು ಹಿಡಿದು ಕುಳಿತವರನ್ನು ನಾವು ದಾಟಿಕೊಂಡೇ ಒಳಗೆ ಹೋಗುತ್ತೇವೆ. ಕಾವಲಿನವನು ಹೆಸರು ಕೂಗಿದರೆ ಸಾಕು, ಅವರ ಜೀವ ಬಾಯಿಗೆ ಬರುತ್ತದೆ. ದಿನಕ್ಕೆ ಹತ್ತು ನಿಮಿಷ ಒಳಗೆ ಹೋಗಿ, ಕೊಳವೆಗಳ ನಡುವೆ ಎಲ್ಲಿ ಮುಟ್ಟುವುದೆಂದು ತಿಳಿಯದೆ ನಿಂತು ಬರುತ್ತಾರೆ. ನಾವು ಗುರುಗಳು ಅಲ್ಲಿ ಮಾಡುವ ತಪ್ಪೆಂದರೆ "ಏನೂ ಆಗುವುದಿಲ್ಲ, ಗುಣವಾಗುತ್ತಾರೆ" ಎಂದುಬಿಡುವುದು. ಇಂಥ ಪೊಳ್ಳು ಭರವಸೆಯನ್ನೂ, ರೋಗಿಯ ಬಳಿ ನಿಂತು ಪಿಸುಗುಟ್ಟುವುದನ್ನೂ ಫ್ಲಾರೆನ್ಸ್ ನೈಟಿಂಗೇಲ್ 1859ರಷ್ಟು ಹಿಂದೆಯೇ ಖಂಡಿಸಿದ್ದರು. ಯೋಬನ ಸ್ನೇಹಿತರೂ ಏಳು ದಿನ ಮೌನವಾಗಿ ಕುಳಿತಷ್ಟು ಕಾಲ ಒಳ್ಳೆಯವರಾಗಿಯೇ ಇದ್ದರು! ರೋಗದ ಗತಿಯನ್ನು ಹೇಳುವುದು ವೈದ್ಯರ ಕೆಲಸ. ಆದರೆ "ಬೆಳಿಗ್ಗೆ ಮೈ ಒರೆಸಿದ್ದೇನೆ, ಗಡ್ಡ ತೆಗೆದಿದ್ದೇನೆ, ಈ ಕೈಯಲ್ಲಿ ಸೂಜಿಯಿಲ್ಲ, ಇದನ್ನು ಹಿಡಿದುಕೊಳ್ಳಿ" ಎಂದು ದಾದಿ ಹೇಳಬಲ್ಲರು. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಛತ್ರದವನಿಗೆ ಸಮಾರಿಯದವನು ಇನ್ನೊಂದು ಮಾತು ಕೊಟ್ಟಿದ್ದ: ಹೆಚ್ಚು ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದು. ನಾವು ಆ ಮಾತನ್ನು ಉಳಿಸಿಕೊಂಡಿದ್ದೇವೆಯೇ? ವೆಂಟಿಲೇಟರಿನ ಒಬ್ಬ ರೋಗಿಗೆ ಒಬ್ಬ ದಾದಿ ಇರಬೇಕೆಂಬ ಮಾತಿದೆ. ಮೂವರು ರೋಗಿಗಳ ನಡುವೆ ಓಡಾಡುವ ಒಬ್ಬರನ್ನು ನಾನು ಕಂಡಿದ್ದೇನೆ. ಸಾಲ ಮಾಡಿ ಓದಿದ ಮಗಳ ಅಲ್ಪ ಸಂಬಳಕ್ಕೆ 'ಸೇವೆ' ಎಂಬ ಪವಿತ್ರ ಹೆಸರಿಟ್ಟು ಸುಮ್ಮನಾಗುವುದು, ನಮ್ಮ ಸಂಸ್ಥೆಗಳಲ್ಲೇ ಆಗಲಿ ಬೇರೆಡೆಯಲ್ಲೇ ಆಗಲಿ, ಎರಡು ಬೆಳ್ಳಿ ನಾಣ್ಯವನ್ನೂ ಉಳಿಸಿಕೊಂಡಂತೆ.

ಆ ಅಜ್ಜ ಮೂರನೆಯ ದಿನ ತೀರಿಕೊಂಡರು. ಭೂಸ್ಥಾಪನೆ ಮುಗಿದ ಮೇಲೆ ಅಜ್ಜಿ ನನ್ನನ್ನು ಜಗಲಿಯಲ್ಲಿ ಕೂರಿಸಿ ಹೇಳಿದರು: ಕೊನೆಯ ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ದಾದಿಯೊಬ್ಬರು ತಮ್ಮನ್ನು ಒಳಗೆ ಕರೆದರಂತೆ. ಪರದೆ ಎಳೆದು, ಬಟ್ಟಲಲ್ಲಿ ಬಿಸಿನೀರು ತಂದು, "ಮುಖ ನೀವೇ ಒರೆಸಿ ಅಜ್ಜಿ" ಎಂದರಂತೆ. "ಐವತ್ತು ವರ್ಷದಲ್ಲಿ ನಾನು ಅವರ ಮುಖ ಒರೆಸಿದ್ದು ಅದೊಂದೇ ಸಲ ಫಾದರ್. ಆ ಹುಡುಗಿಯ ಹೆಸರೇನು? ಒಂದು ಪೂಜೆ ಹೇಳಿಸಬೇಕು."

ನನಗೆ ಗೊತ್ತಿರಲಿಲ್ಲ. ಮರುದಿನ ಆಸ್ಪತ್ರೆಗೆ ದೂರವಾಣಿ ಮಾಡಿ ಕೇಳಿದೆ. ಆ ರಾತ್ರಿಯ ಪಾಳಿಯಲ್ಲಿ ನಾಲ್ವರಿದ್ದರಂತೆ. ಯಾರೆಂದು ಅವರಿಗೂ ಹೇಳಲಾಗಲಿಲ್ಲ.